ಹತ್ತನೇ ಫಾರಂ

ನನ್ನ ಸೋದರಮಾವ ಪುಸ್ತಕ ಓದುತ್ತಿದ್ದುದು ಹಿಂದಿನಿಂದ ಮುಂದಕ್ಕೆ. ಹುಚ್ಚೆಂದು ನಗಬೇಡಿ, ಅದು ಅವನ ಕಸುಬು ಕಲಿಸಿದ ಅಭ್ಯಾಸ. ಬೈಂಡಿಂಗ್ ಮಾಡುವವರ ಕೈಗೆ ಪುಸ್ತಕವು ಪುಸ್ತಕವಾಗಿ ಬರುವುದಿಲ್ಲ. ಒಂದೊಂದರಲ್ಲಿ ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಗಳಾಗಿ ಬರುತ್ತದೆ. ಆ ಹಾಳೆಗೆ ಫಾರಂ ಎನ್ನುತ್ತೇವೆ. ಮೂರು ಸಲ ಮಡಚಿದರೆ ಪುಟಗಳು ಸಾಲಿಗೆ ಬರುತ್ತವೆ. ನೂರರವತ್ತು ಪುಟದ ಕಾದಂಬರಿಗೆ ಹತ್ತು ಫಾರಂ, ಮೇಜಿನ ಸುತ್ತ ಹತ್ತು ಗುಡ್ಡೆ. ಮೊದಲು ಹತ್ತನೆಯದನ್ನು ಎತ್ತಿಕೊಂಡು, ಅದರ ಮೇಲೆ ಒಂಬತ್ತನೆಯದು, ಅದರ ಮೇಲೆ ಎಂಟನೆಯದು ಎಂದು ಇಡುತ್ತ ಮೇಜು ಸುತ್ತಿದರೆ ಒಂದನೆಯದು ತಾನಾಗಿ ಮೇಲೆ ಬಂದು ಕೂರುತ್ತದೆ. ಹಾಗಾಗಿ ಮಾವ ಮಡಚುವುದನ್ನೂ ಕೊನೆಯಿಂದಲೇ ಶುರು ಮಾಡುತ್ತಿದ್ದ, ಮಡಚುತ್ತಲೇ ಓದುತ್ತಿದ್ದ. ಯಾರು ಸತ್ತರು, ಯಾರು ಉಳಿದರು ಎಂಬುದು ಅವನಿಗೆ ಸೋಮವಾರವೇ ತಿಳಿಯುತ್ತಿತ್ತು. ಅವರು ಯಾರು ಎಂಬುದು ಶನಿವಾರ.

ನಮ್ಮ ಬೈಂಡಿಂಗ್ ಕೋಣೆ ಒಂದು ಹಳೆಯ ಅಚ್ಚುಕೂಟದ ಹಿಂಭಾಗದಲ್ಲಿತ್ತು. ಒಂದು ಕಿಟಕಿ, ಒಂದು ಉದ್ದ ಮೇಜು, ಮೂಲೆಯಲ್ಲಿ ಅಂಚು ಕತ್ತರಿಸುವ ಕಬ್ಬಿಣದ ಯಂತ್ರ, ಎಲ್ಲದಕ್ಕೂ ಹತ್ತಿದ ಅಂಟಿನ ವಾಸನೆ. ಮೇಲೆ ಎರಡು ಕೋಣೆಗಳ ಮನೆ. ಅಪ್ಪ ತೀರಿಕೊಂಡಾಗ ನನಗೆ ಎಂಟು ವರ್ಷ. ಅಮ್ಮ ನನ್ನನ್ನೂ ಒಂದು ಟ್ರಂಕನ್ನೂ ಹಿಡಿದುಕೊಂಡು ಈ ಅಣ್ಣನ ಮನೆಗೆ ಬಂದಳು. ಅಮ್ಮ ಹೋಗಿ ಆರು ವರ್ಷವಾಯಿತು. ಈಗ ಫಾರಂಗಳನ್ನು ಹೊಲಿಯುವವಳು ನಾನು. ನನ್ನ ನಾಲಿಗೆ ಚೂಪು ಎಂದು ಬೀದಿಯೆಲ್ಲ ಹೇಳುತ್ತದೆ. ಇಪ್ಪತ್ತು ವರ್ಷ ಸೂಜಿ ಹಿಡಿದವಳ ನಾಲಿಗೆ ಮೊಂಡಾಗಿದ್ದರೆ ಆಶ್ಚರ್ಯಪಡಬೇಕಿತ್ತು.

ಮಾವನಿಗೆ ಮದುವೆಯಾಗಲಿಲ್ಲ. ಯಾಕೆ ಎಂದು ಬಂದವರು ಕೇಳಿದರೆ ಅಮ್ಮ "ಅವನ ಸ್ವಭಾವಾನೇ ಹಾಗೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಳು. ಆ ದೀಪದಲ್ಲಿ ಕಾಣಬೇಕಾದುದು ಎಲ್ಲರಿಗೂ ಕಾಣುತ್ತಿತ್ತು. ಅವನೊಡನೆ ಹನ್ನೊಂದು ವರ್ಷ ಕತ್ತರಿ ಯಂತ್ರ ನಡೆಸಿದವನೊಬ್ಬನಿದ್ದ. ನಾನು ಅವನನ್ನು ಕಟಿಂಗ್ ಮಾಮ ಎನ್ನುತ್ತಿದ್ದೆ. ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಭಾನುವಾರ ಅವನು ಮನೆಗೆ ಬಂದರೆ ಮಾವ ಎರಡು ಸಲ ಮುಖ ತೊಳೆಯುತ್ತಿದ್ದ. ನಾವು ಬಂದ ವರ್ಷವೇ ಅವನು ದೊಡ್ಡ ಊರೊಂದರಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ. ಆಮೇಲೆ ನಮ್ಮ ಮನೆಯಲ್ಲಿ ಅವನ ಮಾತು ಯಾರೂ ಎತ್ತಲಿಲ್ಲ. ನಾನೂ ದೊಡ್ಡವಳಾಗಿ, ತಿಳಿಯಬೇಕಾದುದು ತಿಳಿದು, ಎತ್ತಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಹಾಗಾದರೆ ನಮ್ಮಷ್ಟು ಬಂಗಾರ ಕೂಡಿಟ್ಟ ಮನೆ ಇನ್ನೊಂದಿರಲಿಕ್ಕಿಲ್ಲ.

ಹೀಗಿದ್ದ ಮನೆಗೆ ಟೀಚರಮ್ಮನ ಕಾದಂಬರಿಗಳು ಬಂದವು. ಟೀಚರಮ್ಮ ನಿವೃತ್ತ ಗಣಿತದ ಶಿಕ್ಷಕಿ. ಮನೆಯ ಮುಂದಿನ ಕೋಣೆಯಲ್ಲೇ ಪ್ರಕಾಶನ ಇಟ್ಟುಕೊಂಡಿದ್ದಳು. ತಿಂಗಳಿಗೆ ಎರಡು ಪುಸ್ತಕ. ಎಲ್ಲವೂ ಗಂಡಸು ಗಂಡಸನ್ನು ಪ್ರೀತಿಸುವ ಕಥೆಗಳು. ರಟ್ಟಿನ ಮೇಲೆ ಯಾವಾಗಲೂ ಇಬ್ಬರ ಬೆನ್ನು.

"ಮುಖ ಯಾಕೆ ಹಾಕಲ್ಲ ಟೀಚರಮ್ಮ?" ಎಂದು ಕೇಳಿದ್ದೆ.

"ಮುಖ ಹಾಕಿದ್ರೆ ಅದು ಇನ್ಯಾರದೋ ಆಗುತ್ತೆ. ಬೆನ್ನಾದ್ರೆ ಕೊಂಡವರು ತಮ್ಮದೇ ಅಂದ್ಕೋಬಹುದು" ಎಂದಳು. ಲೆಕ್ಕದ ಟೀಚರ್ ಅಲ್ಲವೇ, ಉತ್ತರ ಸರಿಯಾಗಿಯೇ ಇತ್ತು. ಪುಸ್ತಕಗಳು ಕಳುಹಿಸಿದವರ ಹೆಸರಿಲ್ಲದ ಕಂದು ಕಾಗದದಲ್ಲಿ ಅಂಚೆಯಿಂದ ಹೋಗುತ್ತಿದ್ದವು.

ನನಗೆ ಆ ಕಥೆಗಳನ್ನು ಕಂಡರೆ ಮೈಯುರಿ. ಎಲ್ಲವೂ ಒಂದೇ ಅಚ್ಚಿನ ಇಟ್ಟಿಗೆ. ಇಬ್ಬರು ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಾರೆ. ಎಲ್ಲಿಗೋ ಹೋಗಿ ಮಳೆಗೆ ಸಿಕ್ಕಿಕೊಳ್ಳುತ್ತಾರೆ. ಆ ಊರಿನ ವಸತಿಗೃಹದಲ್ಲಿ ಒಂದೇ ಕೋಣೆ ಖಾಲಿ, ಕೋಣೆಯಲ್ಲಿ ಒಂದೇ ಮಂಚ. ಒಬ್ಬನಿಗೆ ಜ್ವರ ಬರುತ್ತದೆ, ಇನ್ನೊಬ್ಬ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾನೆ. ಒಂಬತ್ತನೇ ಫಾರಂನಲ್ಲಿ ಒಂದೇ ಮಾತಿನಲ್ಲಿ ಬಗೆಹರಿಯಬಹುದಾದ ತಪ್ಪು ತಿಳಿವಳಿಕೆಯಿಂದ ಬೇರೆಯಾಗುತ್ತಾರೆ. ಹತ್ತನೆಯದರಲ್ಲಿ ಒಬ್ಬ ಓಡಲೇಬೇಕು, ರೈಲು ತಡವಾಗಲೇಬೇಕು.

"ಆ ದೇಶದಲ್ಲಿ ಮಂಚ ಮಾಡೋ ಬಡಗಿಗಳೇ ಇಲ್ವಾ ಮಾವ?" ಎಂದು ಒಂದು ದಿನ ಹೊಲಿಯುತ್ತ ಕೇಳಿದೆ. "ಓದಿದ್ದನ್ನೇ ಎಷ್ಟು ಸಲ ಓದ್ತೀಯ? ಒಂದಾದ್ರೂ ಹೊಸ ಕಥೆ ಇದೆಯಾ ಇದರಲ್ಲಿ?"

ಮಾವ ಮಡಚುವುದನ್ನು ನಿಲ್ಲಿಸಲಿಲ್ಲ. "ಹೊಸ ಕಥೆ ಬೇಡ ಕಣೇ ನಂಗೆ. ದೊಡ್ಡ ದೊಡ್ಡೋರು ಬರೆದ ಹೊಸ ಕಥೆ ನಲವತ್ತು ವರ್ಷ ಬೈಂಡ್ ಮಾಡಿದೀನಿ. ಬಹುಮಾನ ಬಂದಿದ್ದೂ ಮಾಡಿದೀನಿ. ಅವರಿಗೆ ನಮ್ಮಂಥೋರನ್ನ ಕೊಲ್ಲದೆ ಪುಸ್ತಕ ಮುಗಿಸೋಕೇ ಬರಲ್ಲ. ಒಬ್ಬ ಹೊಳೆಗೆ ಬೀಳ್ತಾನೆ, ಇನ್ನೊಬ್ಬ ಹಗ್ಗ ಹಾಕ್ಕೋತಾನೆ. ಹತ್ತನೇ ಫಾರಂ ಮಡಚೋಕೇ ಮನಸ್ಸಾಗ್ತಿರ್ಲಿಲ್ಲ. ಇವು ಹಾಗಲ್ಲ. ಒಂಬತ್ತನೇದರಲ್ಲಿ ಎಷ್ಟು ಬೇಕಾದ್ರೂ ಅಳಿಸ್ಲಿ, ಹತ್ತನೇದು ನಾನು ಆಗಲೇ ನೋಡಿರ್ತೀನಲ್ಲ."

ನಮ್ಮಂಥೋರು ಎಂದಿದ್ದ. ಅವನೂ ಕೇಳಿಸಿಕೊಂಡ, ನಾನೂ ಕೇಳಿಸಿಕೊಂಡೆ. ಇಬ್ಬರೂ ಕೇಳಿಸದವರ ಹಾಗೆ ಇದ್ದುಬಿಟ್ಟೆವು. ನಾನು ದಾರಕ್ಕೆ ಮೇಣ ಸವರಿದೆ. ಬಾಯಿ ಬಿಟ್ಟು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಊರಿನವರಿಗೆಲ್ಲ ಚೂಪಾದ ನಾಲಿಗೆ ಬೇಕಾದ ಹೊತ್ತಿಗೆ ಹತ್ತಿಯಾಯಿತು.

ತಪ್ಪಾದುದು ಆ ವರ್ಷದ ಕೊನೆಯಲ್ಲಿ. ಎರಡು ಕಾದಂಬರಿಗಳು ಒಟ್ಟಿಗೆ ಬಂದಿದ್ದವು. ಒಂದರಲ್ಲಿ ಒಂದೇ ಬೀದಿಯಲ್ಲಿ ಎದುರುಬದುರು ಅಂಗಡಿ ಇಟ್ಟುಕೊಂಡು ಹನ್ನೆರಡು ವರ್ಷ ಹಗೆ ಸಾಧಿಸುವ ಇಬ್ಬರು ಗಡಿಯಾರ ರಿಪೇರಿಯವರು. ಇನ್ನೊಂದರಲ್ಲಿ ಬಿರುಗಾಳಿಗೆ ಸಿಕ್ಕಿ ದೀಪಸ್ತಂಭದಲ್ಲಿ ಉಳಿಯಬೇಕಾದ ಡಾಕ್ಟರು ಮತ್ತು ದೀಪ ಹಚ್ಚುವವನು. ಎರಡಕ್ಕೂ ಹತ್ತು ಫಾರಂ, ಒಂದೇ ಅಳತೆ, ಒಂದೇ ಕಾಗದ. ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಅದರ ಸಂಖ್ಯೆಯೂ ಪುಸ್ತಕದ ಹೆಸರೂ ಸಣ್ಣಕ್ಷರದಲ್ಲಿ ಇರುವುದು ವಾಡಿಕೆ. ಹೆಸರು ಅಸಹ್ಯವಾಗಿ ಕಾಣುತ್ತದೆಂದು ಟೀಚರಮ್ಮ ತೆಗೆಸಿದ್ದಳು, ಬರೀ ಸಂಖ್ಯೆ ಉಳಿದಿತ್ತು. ಮಾವ ದೀಪಸ್ತಂಭದ ಹತ್ತನೆಯದನ್ನು ಓದುತ್ತ ಕೂತುಬಿಟ್ಟ. ಎದ್ದು ಆ ಕಟ್ಟನ್ನು ತಂದು ಗಡಿಯಾರದವರ ಒಂಬತ್ತನೆಯದರ ಪಕ್ಕ ಇಟ್ಟ. ಮೇಜು ಸುತ್ತಿ ಜೋಡಿಸಿಕೊಟ್ಟ, ನಾನು ಹೊಲಿದೆ. ಮರುದಿನ ನನಗೆ ಅನುಮಾನ ಬಂದು ನೋಡುವಷ್ಟರಲ್ಲಿ ನಲವತ್ತು ಪ್ರತಿ ರಟ್ಟು ಹಾಕಿಸಿಕೊಂಡು ಅಂಚೆಗೆ ಹೋಗಿಯಾಗಿತ್ತು. ಆ ನಲವತ್ತರಲ್ಲಿ ಒಬ್ಬ ಗಡಿಯಾರದವನು ಮುನಿಸಿಕೊಂಡು ಊರು ಬಿಡುತ್ತಾನೆ, ಪುಟ ತಿರುಗಿಸಿದರೆ ಯಾರೋ ಡಾಕ್ಟರು ಮೆಟ್ಟಿಲು ಹತ್ತುತ್ತಿರುತ್ತಾನೆ.

ಟೀಚರಮ್ಮ ಬೈಯಲಿಲ್ಲ. "ದೂರು ಬಂದ್ರೆ ಬದಲಿ ಕಳಿಸೋಣ" ಎಂದಳು. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು, ಒಂದು ದೂರೂ ಇಲ್ಲ. ಉಳಿದ ಪ್ರತಿಗಳು ಮಾರಿಹೋದವು.

"ನೋಡಿದ್ಯಾ? ಎಲ್ಲಾ ಕಥೆನೂ ಒಂದೇ ಅಂತ ನಾನು ಹೇಳಿರ್ಲಿಲ್ವಾ? ಡಾಕ್ಟರು ಬಂದ್ರೂ ಯಾರಿಗೂ ಗೊತ್ತಾಗ್ಲಿಲ್ಲ" ಎಂದು ನಾನು ನಕ್ಕೆ.

ಮಾವ ನಗಲಿಲ್ಲ. "ಗೊತ್ತಾಗಿರುತ್ತೆ. ದೂರು ಕೊಡೋಕೆ ಹೆಸರು ವಿಳಾಸ ಬರೀಬೇಕಲ್ವಾ? ಈ ಪುಸ್ತಕ ಓದಿದೀನಿ ಅಂತ ಯಾರು ಬರೆದುಕೊಡ್ತಾರೆ?" ಎಂದ. ಇನ್ನೊಂದು ಫಾರಂ ಮಡಚಿಟ್ಟು, "ನಲವತ್ತು ಜನ. ಅವನು ಊರು ಬಿಟ್ಟ ಅನ್ನೋದರಲ್ಲೇ ನಿಂತುಬಿಟ್ಟಿದಾರೆ" ಎಂದ. ಅವತ್ತಿನಿಂದ ಅವನು ಮಡಚುವಾಗ ಓದುವುದನ್ನು ಬಿಟ್ಟ. ಬೈದು ನೋಡಿದೆ, ರಮಿಸಿ ನೋಡಿದೆ. ಮನುಷ್ಯ ಕೆಲಸದಲ್ಲಿ ತಪ್ಪು ಮಾಡಿದರೆ ಊಟ ಬಿಡುತ್ತಾನೆ, ಇವನು ಓದು ಬಿಟ್ಟಿದ್ದ.

ಮೂರನೆಯ ತಿಂಗಳಲ್ಲಿ ಟೀಚರಮ್ಮ ಒಂದು ಕಾಗದ ತಂದುಕೊಟ್ಟಳು. ಹೆಸರಿರಲಿಲ್ಲ, ವಿಳಾಸ ಮಾತ್ರ ಇತ್ತು. ಮುತ್ತಿನಂಥ ಅಕ್ಷರ. "ಪುಸ್ತಕದ ಕೊನೆಯ ಹದಿನಾರು ಪುಟಗಳು ಬೇರೆ ಕಥೆಯವು. ನಮ್ಮ ಮನೆಯಲ್ಲಿ ಒಬ್ಬರಿಗೆ ಕಾಯಿಲೆ. ಇಬ್ಬರು ಗಡಿಯಾರದವರು ಒಂದಾದರೇ ಎಂದು ದಿನಾ ಕೇಳುತ್ತಾರೆ. ಒಂದಾದರು ಎಂದು ನಾನು ಹೇಳಿದರೆ ನಂಬುವುದಿಲ್ಲ. ಆ ಪುಟಗಳನ್ನು ಕಳುಹಿಸಿದರೆ ಉಪಕಾರವಾಗುತ್ತದೆ. ವೈದ್ಯರು ಹೆಚ್ಚು ದಿನ ಹೇಳಿಲ್ಲ." ಕಾಗದ ಬರೆದು ಆಗಲೇ ಒಂಬತ್ತು ದಿನವಾಗಿತ್ತು.

ಪೂರ್ತಿ ಪ್ರತಿ ಒಂದೂ ಉಳಿದಿರಲಿಲ್ಲ. ಗಡಿಯಾರದವರ ಹತ್ತನೇ ಫಾರಂ ಮಾತ್ರ ನಲವತ್ತು ಕಪಾಟಿನಲ್ಲಿ ಮಿಕ್ಕಿದ್ದವು. ಮಾವ ಒಂದನ್ನು ತೆಗೆದು ಮಡಚಿ, ಎರಡು ರಟ್ಟಿನ ನಡುವೆ ಇಟ್ಟು ಚೀಲಕ್ಕೆ ಹಾಕಿದ. ಅಂಚೆಗೆ ಹಾಕೋಣ ಎಂದೆ. "ಅಂಚೆಗೆ ಇನ್ನೂ ಮೂರು ದಿನ ಬೇಕು. ಬಸ್ಸಿಗೆ ಮೂರು ಗಂಟೆ" ಎಂದು ಚಪ್ಪಲಿ ಮೆಟ್ಟಿದ. ಮಂಡಿ ನೋವಿನ ನೆಪ ಹೇಳಿ ಬೀದಿ ತುದಿಯ ಅಂಗಡಿಗೂ ನನ್ನನ್ನೇ ಅಟ್ಟುವವನು. ಒಬ್ಬನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ.

ಆ ಮನೆ ಒತ್ತೊತ್ತಾದ ಸಾಲುಮನೆಗಳಲ್ಲಿ ಒಂದು. ಬಾಗಿಲು ತೆರೆದವರು ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ, ಜಮೀನು ಅಳೆಯುವ ಸರ್ವೇಯರ್ ಆಗಿ ನಿವೃತ್ತರಾದವರು. ಕಾಗದದ ಅಕ್ಷರ ಅವರದೇ. ಮಾವ ಬಂದ ಕಾರಣ ಹೇಳಿದಾಗ ಅವರು ಮೊದಲು ಬೀದಿಯ ಎರಡೂ ಕಡೆ ನೋಡಿದರು, ಆಮೇಲೆ ನಮ್ಮನ್ನು ಒಳಗೆ ಕರೆದರು.

ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಇನ್ನೊಬ್ಬರಿದ್ದರು. ಅವರು ದರ್ಜಿ. ಹೊಲಿಗೆ ಯಂತ್ರ ಇನ್ನೂ ಗೋಡೆಗೆ ಆತುಕೊಂಡು ನಿಂತಿತ್ತು. ಮೈಯಲ್ಲಿ ಮೂಳೆ ಬಿಟ್ಟರೆ ಕಣ್ಣು ಮಾತ್ರ ಉಳಿದಿತ್ತು. ಆ ಕಣ್ಣು ನನ್ನ ರವಿಕೆಯ ತೋಳನ್ನು ನೋಡಿ "ಯಾರಮ್ಮ ಹೊಲಿದಿದ್ದು? ತೋಳು ಎಳೀತಿದೆ" ಎಂದಿತು.

"ಸುಮ್ನಿರೋ, ಬಂದೋರ ಬಟ್ಟೆ ಅಳೀಬೇಡ" ಎಂದರು ಸರ್ವೇಯರ್.

"ಜೀವಮಾನವಿಡೀ ಊರೋರ ಜಮೀನು ಅಳೆದೋನು ನೀನು. ನಾನು ಒಂದು ತೋಳು ಅಳೆದ್ರೆ ತಪ್ಪಾ?" ಎಂದ ದರ್ಜಿ ನಮ್ಮ ಕಡೆ ತಿರುಗಿದರು. "ಈ ಬೀದೀಲಿ ಮೂವತ್ತೊಂದು ವರ್ಷದಿಂದ ನಾನು ಇವನ ದೊಡ್ಡಮ್ಮನ ಮಗ. ಇವನ ಅಮ್ಮನಿಗೆ ಅಕ್ಕಾನೇ ಇರ್ಲಿಲ್ಲ."

ಸರ್ವೇಯರ್ ತಲೆ ತಗ್ಗಿಸಿದರು. ಮಾವ ನಿಂತೇ ಇದ್ದ. ಅವನ ಕಣ್ಣು ಆ ಕೋಣೆಯಲ್ಲಿ ಒಂದೊಂದನ್ನೇ ನೋಡುತ್ತಿತ್ತು. ಒಂದೇ ಗೂಟಕ್ಕೆ ನೇತುಹಾಕಿದ ಇಬ್ಬರ ಅಂಗಿಗಳು, ಒಂದೇ ಲೋಟದಲ್ಲಿ ಎರಡು ಹಲ್ಲುಜ್ಜುವ ಬ್ರಷ್ಷು, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನವನು ಬಾರದ ದಿನಗಳಿಗೆ ಎರಡು ಬೇರೆ ಬೇರೆ ಶಾಯಿಯ ಗುರುತು. ಅವನು ನೋಡುವುದನ್ನು ನನ್ನಿಂದ ನೋಡಲಾಗಲಿಲ್ಲ.

ಮಾವ ಚೀಲದಿಂದ ಫಾರಂ ತೆಗೆದ. ಅದರ ಅಂಚುಗಳನ್ನು ಕತ್ತರಿಸಿರಲಿಲ್ಲ, ಮಡಿಕೆ ಸೀಳದೆ ಪುಟ ತೆರೆಯುವ ಹಾಗಿರಲಿಲ್ಲ. ಸರ್ವೇಯರ್ ಅಡುಗೆಮನೆಯಿಂದ ತರಕಾರಿ ಚಾಕು ತಂದುಕೊಟ್ಟರು. ಮಾವ ಮೊದಲ ಮಡಿಕೆ ಸೀಳಿ ಅವರ ಕೈಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದರು. ಎರಡು ಸಾಲು ಓದಿ ಕನ್ನಡಕ ತೆಗೆದುಬಿಟ್ಟರು. ಮುಗಿದರೆ ಮುಗಿಯಿತಲ್ಲ ಎಂಬ ಭಯ ಅವರ ಮುಖದಲ್ಲೇ ಬರೆದಿತ್ತು. "ನನ್ನಿಂದ ಆಗಲ್ಲ ಕಣೋ" ಎಂದು ದರ್ಜಿಗೆ ಹೇಳಿ, "ನೀವೇ ಓದಿ" ಎಂದು ಮಾವನಿಗೆ ಹಿಂದಿರುಗಿಸಿದರು.

ಮಾವ ಹುಟ್ಟಿದಾರಭ್ಯ ಇನ್ನೊಬ್ಬರಿಗೆ ಕೇಳುವಂತೆ ಓದಿದವನಲ್ಲ. ತುಟಿಯನ್ನೂ ಅಲ್ಲಾಡಿಸದೆ ಓದುವವನು. ಸ್ಟೂಲಿನ ಮೇಲೆ ಕೂತು, ಒಂದು ಸಲ ನನ್ನನ್ನು ನೋಡಿ, ಮೆಲ್ಲಗೆ ಶುರು ಮಾಡಿದ. ಊರು ಬಿಟ್ಟವನು ಹಿಂದಿರುಗಿ ಬರುತ್ತಾನೆ. ಬೆಳಗಿನ ಹೊತ್ತು, ಬೀದಿಯ ತುಂಬ ಗಿರಾಕಿಗಳು. ಎರಡು ಅಂಗಡಿಗಳ ನಡುವೆ, ಬೀದಿಯಲ್ಲೇ ನಿಲ್ಲುತ್ತಾನೆ.

ಕಿಟಕಿಯ ಹೊರಗೆ ಪಕ್ಕದ ಮನೆಯ ಹೆಂಗಸು ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಸರ್ವೇಯರ್ ಎದ್ದು, ಮೂವತ್ತೊಂದು ವರ್ಷದ ಅಭ್ಯಾಸದಂತೆ, ಕಿಟಕಿಗೆ ಕೈ ಹಾಕಿದರು.

"ತೆಗೆದಿರ್ಲಿ" ಎಂದರು ದರ್ಜಿ.

"ಕೇಳಿಸುತ್ತೆ ಕಣೋ."

"ಕೇಳಿಸ್ಲಿ. ನಾವಿಬ್ರೂ ಜಗಳ ಆಡಿದ್ವಿ, ಬಟ್ಟೆ ಒಗೆದ್ವಿ, ಮುದುಕರಾದ್ವಿ. ಹೀಗೆ ಬೀದೀಲಿ ನಿಂತು ಒಬ್ಬರಿಗೊಬ್ಬರು ಏನೂ ಹೇಳ್ಲಿಲ್ಲ. ಈ ಗಡಿಯಾರದೋನಾದ್ರೂ ಹೇಳ್ಲಿ. ಜೋರಾಗಿ ಓದಿ ಸಾರ್, ಆ ಯಮ್ಮಂಗೆ ಒಂದು ಕಿವಿ ಮಂದ."

ಸರ್ವೇಯರ್ ಕಿಟಕಿಯ ಬಳಿಯೇ ನಿಂತರು, ಕೈ ಅದರ ಕದದ ಮೇಲೆಯೇ ಇತ್ತು. ಮುಚ್ಚಲಿಲ್ಲ. ಮಾವ ಮುಂದಿನ ಮಡಿಕೆಯನ್ನು ಚಾಕುವಿನಿಂದ ಸೀಳಿದ. ಓದುತ್ತಾನೋ ಎದ್ದುಬಿಡುತ್ತಾನೋ ನನಗೆ ತಿಳಿಯಲಿಲ್ಲ.

ಅವನು ಓದಿದ. ನಾನು ಕೇಳದಿದ್ದ ದನಿಯಲ್ಲಿ, ಬೀದಿಗೆ ಕೇಳುವಂತೆ ಓದಿದ. "ನಿನ್ನ ಅಂಗಡಿಯ ಬಾಗಿಲು ತೆರೆದ ಸದ್ದಿಗೆ ನಾನು ಹನ್ನೆರಡು ವರ್ಷ ಎದ್ದಿದ್ದೇನೆ. ಜಗಳಕ್ಕೆಂದು ಏಳುತ್ತಿದ್ದೇನೆ ಅಂದುಕೊಂಡಿದ್ದೆ. ಬೇರೆ ಊರಿಗೆ ಹೋಗಿ ನೋಡಿದೆ, ಅಲ್ಲಿ ಬೆಳಗೇ ಆಗಲಿಲ್ಲ. ನನಗೆ ನೀನು ಬೇಕು. ಇವರೆಲ್ಲರ ಎದುರು ಹೇಳುತ್ತಿದ್ದೇನೆ, ನೀನು ಬೇಕು."

ಎಂಥ ಸಕ್ಕರೆ ಪಾಕದ ಮಾತು! ಬೈಂಡಿಂಗ್ ಕೋಣೆಯಲ್ಲಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಲ್ಲಿ ಅತ್ತುಬಿಟ್ಟೆ. ಹೊರಗೆ ಬಟ್ಟೆ ಕೊಡವುವ ಸದ್ದು ನಿಂತಿತ್ತು. ಆ ಹೆಂಗಸು ಒಂದು ಕ್ಷಣ ಕಿಟಕಿಯ ಕಡೆ ನೋಡಿದಳು, ಆಮೇಲೆ ಇನ್ನೊಂದು ಬಟ್ಟೆ ಎತ್ತಿಕೊಂಡಳು. ಸರ್ವೇಯರ್ ಬಂದು ಮಂಚದ ಅಂಚಿನಲ್ಲಿ ಕೂತು ದರ್ಜಿಯ ಕೈ ಹಿಡಿದರು. ಮಾವ ಹದಿನಾರೂ ಪುಟ ಓದಿ ಮುಗಿಸಿದ. ಕಥೆಯಲ್ಲಿ ಎರಡು ಅಂಗಡಿ ಒಂದಾಯಿತು, ಒಂದೇ ಬೋರ್ಡು ಬಂತು.

"ನಾನು ಹೇಳಿರ್ಲಿಲ್ವಾ ಒಂದಾದ್ರು ಅಂತ?" ಎಂದರು ಸರ್ವೇಯರ್.

"ನೀನು ಹೇಳೋದಕ್ಕೂ ಅಚ್ಚಾಗಿರೋದಕ್ಕೂ ವ್ಯತ್ಯಾಸ ಇದೆ ಕಣೋ" ಎಂದರು ದರ್ಜಿ. ಅವರು ಇದಾದ ಎಂಟನೆಯ ದಿನ ಹೋದರೆಂದು ಆಮೇಲೆ ಕಾಗದ ಬಂತು. ಅದರ ಕೆಳಗೆ ಸರ್ವೇಯರ್ ಹೆಸರು ಹಾಕಿದ್ದರು.

ಆ ಮಧ್ಯಾಹ್ನ ನಾವು ಏಳುವ ಹೊತ್ತಿಗೆ ದರ್ಜಿ ಮಾವನ ಮುಖವನ್ನೇ ನೋಡುತ್ತಿದ್ದರು. ಸಾಯುವವರಿಗೆ ದಾಕ್ಷಿಣ್ಯವಿಲ್ಲ. "ನಿಮ್ಮೋರು ಎಲ್ಲಿದಾರೆ?" ಎಂದು ಕೇಳಿಯೇಬಿಟ್ಟರು.

ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಯಾರೂ ಕೇಳದ ಪ್ರಶ್ನೆ. ಮಾವ ಚಾಕುವನ್ನು ಒರೆಸಿ ಸ್ಟೂಲಿನ ಮೇಲಿಟ್ಟ. "ಗೊತ್ತಿಲ್ಲ ಸಾರ್. ಕರೆದಿದ್ರು. ಮೂರು ಕಾಗದ ಬರೆದ್ರು. ನಾನು ಉತ್ತರ ಬರೀಲಿಲ್ಲ."

"ಯಾಕೆ?"

"ಮನೇಲಿ ಮಗು ಚಿಕ್ಕದಿತ್ತು."

ಮೂವರೂ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದೇ ಸಾಕಾಯಿತು.

ಹಿಂದಿರುಗುವ ಬಸ್ಸಿನಲ್ಲಿ ಅರ್ಧ ದಾರಿಗೆ ನನಗೆ ಸಿಟ್ಟು ಉಕ್ಕಿ ಬಂತು. ನನ್ನ ತಲೆಯ ಮೇಲೆ ಹೊರೆ ಇಟ್ಟು ಇಷ್ಟು ವರ್ಷ ಹೇಳದೇ ಇದ್ದುದಕ್ಕೆ ಸಿಟ್ಟು, ಅವನಿಗಾಗಿ ದುಃಖ, ಎರಡೂ ಒಟ್ಟಿಗೇ.

"ನಾನೇನು ನಿನ್ನನ್ನ ಹಿಡಿದುಕೊಂಡಿದ್ನಾ? ಅಮ್ಮ ಇರ್ಲಿಲ್ವಾ ನನ್ನ ನೋಡ್ಕೊಳ್ಳೋಕೆ? ಒಂದು ಮಾತು ಕೇಳಿದ್ರೆ ಹೋಗು ಅಂತಿದ್ದೆ" ಎಂದೆ.

ಮಾವ ಕಿಟಕಿಯ ಹೊರಗೆ ನೋಡುತ್ತಿದ್ದವನು ತಿರುಗಿದ. ಅವನಿಗೆ ಸಿಟ್ಟಿರಲಿಲ್ಲ. "ಕೇಳಿದ್ನಲ್ಲ ಕಣೇ. ಚೀಲ ಹೆಗಲಿಗೆ ಹಾಕ್ಕೊಂಡು, ನಾನು ಹೋಗ್ಲಾ ಅಂತ ನಿನ್ನನ್ನೇ ಕೇಳ್ದೆ. ನಿಮ್ಮಪ್ಪ ಹೋಗಿ ಎರಡು ತಿಂಗಳಾಗಿತ್ತು. ಬಾಗಿಲ ಹತ್ರ ನನ್ನ ಕಾಲು ತಬ್ಕೊಂಡೆ. ನೀನೂ ಹೋಗ್ತೀಯಾ ಅಂದೆ. ಬಿಡಿಸಿದ್ರೂ ಬಿಡ್ಲಿಲ್ಲ. ಬಸ್ಸು ಹೋಗೋವರೆಗೂ ಬಿಡ್ಲಿಲ್ಲ" ಎಂದ. ನಂತರ, ನನ್ನನ್ನು ಸಮಾಧಾನ ಮಾಡುವವನ ಹಾಗೆ, "ಚಿಕ್ಕ ಕೈ. ಬಿಡಿಸ್ಕೋಬಹುದಿತ್ತು. ನಾನೇ ಬಿಡಿಸ್ಕೊಳ್ಲಿಲ್ಲ" ಎಂದ.

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಆ ಬಾಗಿಲನ್ನು, ಆ ಬೆಳಗನ್ನು, ಅವನ ಕಾಲನ್ನು ನೆನೆಯಲು ಬಸ್ಸು ಊರು ಮುಟ್ಟುವವರೆಗೂ ಪ್ರಯತ್ನಪಟ್ಟೆ. ಈಗಲೂ ಪಡುತ್ತೇನೆ. ನನಗದು ಒಂದಿಷ್ಟೂ ನೆನಪಿಲ್ಲ.